ನನ್ನ ಟೈರಿಗೆ ಗಾಳಿ ತುಂಬುವವರು

ಟೈರಿಗೆ ಎಷ್ಟು ಗಾಳಿ ಇರಬೇಕು ಅನ್ನುವ ವಿಷಯದಲ್ಲಿ ಅಭಿಪ್ರಾಯ ಇಲ್ಲದ ಮನುಷ್ಯರು ಟಿ. ನರಸೀಪುರದಲ್ಲಿ ನನಗೆ ಇನ್ನೂ ಸಿಕ್ಕಿಲ್ಲ. ಮಗುವಿಗೆ ಏನು ಹೆಸರಿಡೋಣ ಅಂತ ಕೇಳಿದರೂ ಜನ ಒಂದು ಗಳಿಗೆ ಯೋಚನೆ ಮಾಡುತ್ತಾರೆ. ಗಾಳಿಯ ಮಾತು ಬಂದರೆ ಯೋಚನೆಗೆ ಜಾಗವೇ ಇಲ್ಲ. "ಇನ್ನೆರಡು ಪಾಯಿಂಟ್ ಹೆಚ್ಚಿಗೆ ಹಾಕ್ಸಿಬುಡಿ ಮೇಡಂ, ಸೇಫು" ಅಂತ ನಮ್ಮ ಶಾಲೆಯ ಹೆಡ್‌ಮಾಸ್ಟರು ಹೇಳಿದ್ದಾರೆ, ತರಕಾರಿ ಅಂಗಡಿಯವರು ಹೇಳಿದ್ದಾರೆ, ಸ್ವಂತಕ್ಕೆ ಒಂದು ಸೈಕಲ್ ಕೂಡ ಇಲ್ಲದ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಬಗ್ಗಿ ಹೇಳಿದ್ದಾರೆ. ಕಡಿಮೆ ಮಾಡಿ ಅಂದವರು ಇಡೀ ಜಿಲ್ಲೆಯಲ್ಲಿ ಒಬ್ಬರೇ. ಅವರ ಮಾತು ಕೇಳಿದ್ದಕ್ಕೆ ನನ್ನ ಮನೆಯಲ್ಲಿ ಇಷ್ಟೆಲ್ಲ ರಾಮಾಯಣ ಆಯಿತು.

ನಾನು ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳು. ವಯಸ್ಸು ನಲವತ್ತೈದು ದಾಟಿದೆ. ನನ್ನಂಥವಳು ಟ್ರ್ಯಾಕಿನಲ್ಲಿ ಕಾರು ಓಡಿಸುತ್ತಾಳೆ ಅಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ನನ್ನ ಗಂಡನ ಮುಖ ನೋಡುತ್ತಾರೆ. ಅದೇನು ದೊಡ್ಡ ಸಂಗತಿ ಅಲ್ಲ. ನಂಜನಗೂಡಿನ ಹೊರಗೆ, ಕಾರ್ಖಾನೆಗಳನ್ನೆಲ್ಲ ದಾಟಿದ ಮೇಲೆ, ಒಬ್ಬರು ತಮ್ಮ ಜಮೀನಿನಲ್ಲಿ ಡಾಂಬರು ಹಾಕಿಸಿ ಚಿಕ್ಕದೊಂದು ಟ್ರ್ಯಾಕ್ ಮಾಡಿಸಿದ್ದಾರೆ. ಮಕ್ಕಳು ಓಡಿಸುವ ಪುಟ್ಟ ಗಾಡಿಗಳಿಗೆ ಅಂತ ಮಾಡಿಸಿದ್ದು. ಬಾಡಿಗೆ ಸಾಲಲಿಲ್ಲವೋ ಏನೋ, ತಿಂಗಳಿಗೊಂದು ಭಾನುವಾರ ಮನೆಯ ಮಾಮೂಲಿ ಕಾರು ತಂದವರನ್ನೂ ಒಳಗೆ ಬಿಡುತ್ತಾರೆ. ರೇಸ್ ಅಲ್ಲ, ಬಹುಮಾನ ಇಲ್ಲ, ಒಬ್ಬರನ್ನೊಬ್ಬರು ಹಿಂದೆ ಹಾಕುವ ಹಾಗೂ ಇಲ್ಲ. ತಿರುವಿನಲ್ಲಿ ಕಾರು ಹೇಗೆ ವರ್ತಿಸುತ್ತದೆ, ಕೈ ಕಾಲು ಹೇಗಿರಬೇಕು ಅಂತ ಕಲಿಯುವುದು, ಅಷ್ಟೇ.

ನನ್ನ ಗಂಡನಿಗೆ ಗೊಬ್ಬರ ಮತ್ತು ಬಿತ್ತನೆ ಬೀಜದ ಅಂಗಡಿ ಇದೆ. ಆ ಜಮೀನಿನವರು ಅವರ ಗಿರಾಕಿ. ಒಂದು ದಿನ ಅವರನ್ನು ನೋಡಲು ಹೋದಾಗ ನಾನೂ ಜೊತೆಯಲ್ಲಿದ್ದೆ. ಗಂಡಸರಿಬ್ಬರೂ ಡ್ರಿಪ್ ಪೈಪಿನ ಮಾತಿನಲ್ಲಿ ಮುಳುಗಿದ್ದಾಗ, ಅಲ್ಲಿನ ತರಬೇತುದಾರರು "ನೀವೂ ಒಂದ್ ರೌಂಡ್ ಹೋಗ್ತೀರಾ ಮೇಡಂ" ಅಂತ ಸುಮ್ಮನೆ ಮರ್ಯಾದೆಗೆ ಕೇಳಿದರು. ನಾನು ಹೋದೆ. ಇಳಿದಾಗ ಮುಖದ ತುಂಬ ನಗು ಇತ್ತು ಅಂತ ನನ್ನ ಗಂಡ ಇವತ್ತಿಗೂ ಹೇಳುತ್ತಾರೆ. ನಾನು ಅಂಥ ನಗು ನಗುವುದನ್ನು ಅವರು ಬಹಳ ದಿನದಿಂದ ನೋಡಿರಲಿಲ್ಲವಂತೆ.

ಅಲ್ಲಿ ಒಂದು ನಿಯಮ ಇದೆ. ಹೊಸಬರ ಪಕ್ಕದ ಸೀಟಿನಲ್ಲಿ ತರಬೇತುದಾರರು ಕೂರುತ್ತಾರೆ. ಕಾರು ಹೊಸಬರ ಮಾತು ಕೇಳುತ್ತಿದೆ ಅಂತ ನಂಬಿಕೆ ಬಂದ ಮೇಲೆ ಇಳಿದು "ಇನ್ನು ಒಬ್ಬರೇ ಹೋಗಿ" ಅನ್ನುತ್ತಾರೆ. ನನಗೆ ಬೇಕಾಗಿದ್ದದ್ದು ಆ ಒಂದು ಮಾತು. ವೇಗ ಬೇಕಿರಲಿಲ್ಲ, ಚಪ್ಪಾಳೆ ಬೇಕಿರಲಿಲ್ಲ. ಲೈಸೆನ್ಸ್ ತಗೊಂಡು ಇಷ್ಟು ವರ್ಷವಾದರೂ ಪಕ್ಕದಲ್ಲಿ ಯಾರೂ ಇಲ್ಲದೆ ನಾನು ಕಾರು ಓಡಿಸಿದ್ದೇ ಇಲ್ಲ. ಶಾಲೆ ನಡೆದು ಹೋಗುವಷ್ಟು ಹತ್ತಿರ. ಕಾರು ತೆಗೆದರೆ ಮದುವೆಗೋ ಆಸ್ಪತ್ರೆಗೋ, ಎಲ್ಲರೂ ಜೊತೆಗೆ. ಪಕ್ಕದಲ್ಲಿ ಗಂಡ ಕೂತು, ತನ್ನ ಕಡೆ ಇಲ್ಲದ ಬ್ರೇಕನ್ನು ಕಾರ್ಪೆಟ್ಟಿನ ಮೇಲೆ ಒತ್ತುತ್ತಿರುತ್ತಾರೆ. "ಹಂಪ್ ಅದೆ." "ಹಸ ಅದೆ." "ಮುಂದೆ ಬಸ್ ನಿಂತದೆ." ಹಸುವೂ ನನಗೆ ಕಾಣುತ್ತದೆ, ಬಸ್ಸೂ ಕಾಣುತ್ತದೆ. ಹಿಂದಿನ ಸೀಟಿನಲ್ಲಿ ನಮ್ಮ ಮಾವ. ಅವರು ಮಾತಾಡುವುದಿಲ್ಲ, ಪ್ರತಿ ತಿರುವಿಗೂ "ಶಿವಾ" ಅನ್ನುತ್ತಾರೆ. ಹೀಗೆ ಓಡಿಸಿ ಓಡಿಸಿ ನನಗೆ ರೋಸಿಹೋಗಿತ್ತು.

ಮೊದಲ ಭಾನುವಾರವೇ ಶುರುವಾಯಿತು. ಟ್ರ್ಯಾಕಿಗೆ ಹೋಗುವ ಮುಂಚೆ ನಂಜನಗೂಡಿನ ದೇವಸ್ಥಾನದ ಮುಂದೆ ಕಾರಿಗೆ ಪೂಜೆ ಆಗಬೇಕು ಅಂತ ನನ್ನ ಗಂಡ ಹಟ ಹಿಡಿದರು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು ಹತ್ತಿಸಿದ್ದಾಯಿತು, ಬಾನೆಟ್ಟಿಗೆ ಸೇವಂತಿಗೆ ಹಾರ, ಗಾಜಿನ ಮೇಲೆ ವಿಭೂತಿ. ಮದುವೆ ಗಂಡಿನ ಹಾಗೆ ಅಲಂಕಾರ ಮಾಡಿಕೊಂಡ ಕಾರನ್ನು ನೋಡಿ ಟ್ರ್ಯಾಕಿನ ಗೇಟಿನವರು ಹಾರ ತೆಗೆಯದೆ ಒಳಗೆ ಬಿಡುವುದಿಲ್ಲ ಅಂದರು. ಹಾರದ ದಾರ ಗ್ರಿಲ್ಲಿನೊಳಗೆ ಸಿಕ್ಕಿಕೊಂಡು ಬಿಡಿಸುವುದರಲ್ಲಿ ನನ್ನ ಮೊದಲ ಸರದಿ ತಪ್ಪಿಹೋಯಿತು.

ಎರಡನೇ ಸರದಿಯಲ್ಲಿ ಓಡಿಸಿದೆ. ಟ್ರ್ಯಾಕಿನ ಕೊನೆಗೆ ಬಲಕ್ಕೆ ಉದ್ದನೆಯ ತಿರುವೊಂದಿದೆ, ಅದರ ಆಚೆ ಕಬ್ಬಿನ ಗದ್ದೆ. ಆ ತಿರುವಿನಲ್ಲಿ ನಾನು ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಕಾರಿನ ಮೂಗು ಬಲಕ್ಕೆ ಬರದೆ ಕಬ್ಬಿನ ಕಡೆಗೇ ಓಡುತ್ತಿತ್ತು. ಇನ್ನಷ್ಟು ತಿರುಗಿಸಿದರೆ ಇನ್ನಷ್ಟು ಓಡುತ್ತಿತ್ತು. ಕರೆದರೆ ಬಾರದ ಎಮ್ಮೆಯ ಹಾಗೆ. ತರಬೇತುದಾರರು ಮೈಸೂರಿನವರು, ನನಗಿಂತ ಚಿಕ್ಕವರು, ಯಾವತ್ತೂ ದನಿ ಏರಿಸದ ಮನುಷ್ಯ. ಇಳಿದ ಮೇಲೆ ಬಗ್ಗಿ ಮುಂದಿನ ಟೈರು ಮುಟ್ಟಿ ನೋಡಿದರು.

"ಗಾಳಿ ಜಾಸ್ತಿ ಇದೆ ಮೇಡಂ. ಟೈರು ಊದಿಕೊಂಡು ನಡುವಿನ ಪಟ್ಟಿ ಮಾತ್ರ ನೆಲ ಮುಟ್ತಾ ಇದೆ. ಹಿಡಿತ ಎಲ್ಲಿಂದ ಬರಬೇಕು?"

ಅವರು ಹೇಳಿದ್ದು ಇಷ್ಟು. ರಸ್ತೆಯಲ್ಲಿ ಹೋಗುವಾಗ ಬಾಗಿಲ ಹತ್ತಿರ ಅಂಟಿಸಿದ ಚೀಟಿಯಲ್ಲಿರುವಷ್ಟು ಗಾಳಿ ಸರಿ. ಟ್ರ್ಯಾಕಿನಲ್ಲಿ ನಾಲ್ಕು ಸುತ್ತು ಹೊಡೆಯುವುದರಲ್ಲಿ ಟೈರು ಕಾಯುತ್ತದೆ, ಒಳಗಿನ ಗಾಳಿಯೂ ಕಾದು ಒತ್ತಡ ಏರುತ್ತದೆ. ಆದ್ದರಿಂದ ತಣ್ಣಗಿದ್ದಾಗಲೇ ಸ್ವಲ್ಪ ಕಡಿಮೆ ಇಟ್ಟುಕೊಂಡು ಬರಬೇಕು. ನನ್ನ ಕಾರಿಗೆ ಮುಂದೆ ಇಪ್ಪತ್ತೆಂಟು, ಹಿಂದೆ ಮೂವತ್ತು. ಹಿಂದೆ ಸ್ವಲ್ಪ ಹೆಚ್ಚಿದ್ದರೆ ಹಿಂಬದಿ ಹಗುರಾಗಿ ತಿರುಗಿ ಮೂಗು ಒಳಗೆ ಬರಲು ಸಹಾಯ ಮಾಡುತ್ತದೆ. ಸರಿಯಾಗಿದೆಯೋ ಇಲ್ಲವೋ ತಿಳಿಯಲು ಟೈರಿನ ಅಂಚಿಗೆ ಅಡ್ಡಲಾಗಿ, ಪಕ್ಕದ ತನಕ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ಓಡಿ ಬಂದ ಮೇಲೆ ಗೆರೆ ಅಂಚಿನ ತನಕ ಅಳಿಸಿದ್ದರೆ ಸರಿ. ಅಂಚು ಮುಟ್ಟುವ ಮುಂಚೆಯೇ ಅಳಿಸುವುದು ನಿಂತಿದ್ದರೆ ಗಾಳಿ ಹೆಚ್ಚು, ಅಂಚು ದಾಟಿ ಪಕ್ಕಕ್ಕೂ ಅಳಿಸಿದ್ದರೆ ಕಡಿಮೆ. ಚಾಕ್‌ಪೀಸು ಅಂದ ಕೂಡಲೇ ನನಗೆ ಪ್ರೀತಿಯೇ ಬಂತು. ಜೀವಮಾನವಿಡೀ ಬೆರಳಿಗೆ ಮೆತ್ತಿಕೊಂಡ ವಸ್ತು ಕೊನೆಗೂ ನನ್ನ ಸ್ವಂತ ಕೆಲಸಕ್ಕೆ ಬಂತು ಅನ್ನಿಸಿತು.

ಮುಂದಿನ ತಿಂಗಳ ಶನಿವಾರ ಸಂಜೆ, ಕಾರು ಕೊಟ್ಟಿಗೆಯ ನೆರಳಿನಲ್ಲಿ ತಣ್ಣಗೆ ನಿಂತಿರುವಾಗ, ಗಾಳಿ ಅಳೆಯುವ ಹೊಸ ಗೇಜ್ ಹಿಡಿದು ಕೂತೆ. ಮುಂದೆ ಇಪ್ಪತ್ತೆಂಟು, ಹಿಂದೆ ಮೂವತ್ತು, ಕೂದಲೆಳೆ ಆಚೀಚೆ ಇಲ್ಲ. ಮಾವ ಜಗುಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ನೋಡುತ್ತಿದ್ದರು. ಗಾಳಿ ಬಿಡುವ ಸುಸ್ ಸದ್ದು ಬಂದಾಗಲೆಲ್ಲ ಅವರ ಬಾಯಿ ಜಗಿಯುವುದು ನಿಲ್ಲುತ್ತಿತ್ತು. ನಾನು ಅದಕ್ಕೆ ಏನೂ ಅರ್ಥ ಕಟ್ಟಲಿಲ್ಲ.

ಅಂಗಡಿ ಬಿಟ್ಟು ಬರಲಾಗದ ನನ್ನ ಗಂಡ, ಟ್ರ್ಯಾಕಿಗೆ ಹೋಗುವಾಗಲೂ ಬರುವಾಗಲೂ ನೆಂಟರನ್ನೋ ಗಿರಾಕಿಯನ್ನೋ ನನ್ನ ಪಕ್ಕಕ್ಕೆ ಹತ್ತಿಸದೆ ಬಿಡುತ್ತಿರಲಿಲ್ಲ. ಭಾನುವಾರ ಬೆಳಗ್ಗೆ ಸುತ್ತೂರಿನ ಮೇಲೆ ಹಾದು ನಂಜನಗೂಡು ತಲುಪಿ ಗೇಜ್ ಇಟ್ಟು ನೋಡಿದರೆ ಮುಂದೆ ಮೂವತ್ತಾರು. ರಸ್ತೆಯ ಓಟಕ್ಕೆ ಕಾದಿದೆ, ಏರಿದೆ ಅಂದುಕೊಂಡೆ. ಲೆಕ್ಕ ಗೊತ್ತಿರುವವರ ಕಷ್ಟ ಇದು, ಎಂಥ ಸಂಖ್ಯೆ ಬಂದರೂ ಅದಕ್ಕೊಂದು ಕಾರಣ ಹೊಂದಿಸಿಬಿಡುತ್ತೇವೆ. ತರಬೇತುದಾರರು ಹುಬ್ಬೇರಿಸಿದರು.

"ಇಷ್ಟೊಂದು ಏರೋದಾ ಮೇಡಂ? ಇಲ್ಲೇ ಸ್ವಲ್ಪ ಬಿಟ್ಟುಬಿಡಿ."

"ಬಿಸಿ ಟೈರಿನಿಂದ ಗಾಳಿ ಬಿಡಬಾರದು ಅಂತ ಕಾರಿನ ಪುಸ್ತಕದಲ್ಲಿ ಬರೆದಿದೆ ಸಾರ್. ತಣ್ಣಗಿದ್ದಾಗ ನಾನೇ ಅಳೆದು ಇಟ್ಟು ಬಂದಿದ್ದೀನಿ" ಅಂದೆ.

"ನಿಮ್ಮ ಕಾರು, ನಿಮ್ಮಿಷ್ಟ" ಅಂದು ಅವರು ಬೆಲ್ಟ್ ಹಾಕಿಕೊಂಡು ಕೂತರು. ಕಾರು ಮತ್ತೆ ಕಬ್ಬಿನ ಕಡೆಗೇ ಓಡಿತು. ಚಾಕ್ ಗೆರೆ ಅಂಚಿನ ಮೇಲೆ ಹಾಗೇ ಉಳಿದಿತ್ತು. ಅವರು ಇಳಿದು "ಇನ್ನೂ ಬೇಡ ಮೇಡಂ" ಅಂದರು.

ಗೆರೆ ಅಳಿಸಿಲ್ಲ ಅಂದರೆ ಗಾಳಿ ಹೆಚ್ಚು. ಸರಿ, ಇನ್ನೂ ಇಳಿಸೋಣ. ಮುಂದಿನ ಸಲ ಮುಂದಿನ ಚಕ್ರಗಳನ್ನು ಇಪ್ಪತ್ತಾರಕ್ಕೆ ತಂದೆ. ಟ್ರ್ಯಾಕಿಗೆ ಹೋಗಿ ನೋಡಿದರೆ ಒಂದು ಕಡೆ ಮೂವತ್ತೇಳು, ಇನ್ನೊಂದು ಕಡೆ ಮೂವತ್ತೊಂಬತ್ತು. ನಾನು ಇಳಿಸಿದಷ್ಟೂ ಅದು ಏರುತ್ತಿತ್ತು. ಗೇಜ್ ಕೆಟ್ಟಿದೆ ಅಂತ ಇನ್ನೊಂದು ಗೇಜ್ ತಂದೆ. ಅದೂ ಅದನ್ನೇ ಹೇಳಿತು. ಈಗ ಕಾರು ತಿರುವಿನಲ್ಲಿ ಹೊರಗೆ ಓಡುವುದಷ್ಟೇ ಅಲ್ಲ, ಬ್ರೇಕ್ ಒತ್ತಿದರೆ ಒಂದು ಪಕ್ಕಕ್ಕೆ ಎಳೆಯಲು ಶುರು ಮಾಡಿತು. ಒಂಬತ್ತನೇ ತರಗತಿಗೆ ಸಮೀಕರಣ ಬಿಡಿಸಿ ತೋರಿಸುವವಳು ನಾನು. ನಾಲ್ಕು ರಬ್ಬರ್ ಚಕ್ರದ ಲೆಕ್ಕ ನನಗೆ ಕೂಡಿಬರುತ್ತಿರಲಿಲ್ಲ. ರಾತ್ರಿ ಚಪಾತಿ ಲಟ್ಟಿಸುವಾಗಲೂ ತಲೆಯಲ್ಲಿ ಅದೇ.

ಮನೆಯವರ ಸಲಹೆಗಳು ಬೇರೆ. ನನ್ನ ಗಂಡ ವೀಲ್ ಅಲೈನ್‌ಮೆಂಟ್ ಮಾಡಿಸು ಅಂದರು, ಮಾಡಿಸಿದೆ. ಟೈರಿನ ಕಂಪನಿಯೇ ಸರಿಯಿಲ್ಲ ಅಂದರು. ನಾನು ಸ್ಟೇರಿಂಗ್ ಹಿಡಿಯುವ ರೀತಿ ಸರಿಯಿಲ್ಲ ಅಂದರು. ಒಂದು ಭಾನುವಾರ ತರಬೇತುದಾರರು ಡಿಕ್ಕಿ ತೆಗೆಸಿದರೆ ಒಳಗೆ ಪಶು ಆಹಾರದ ಮೂಟೆ ಮಲಗಿತ್ತು. ಡಿಕ್ಕಿಯಲ್ಲಿ ಏನೂ ಇರಬಾರದು, ಸ್ಟೆಪ್ನಿ ಕೂಡ ಇಳಿಸಿ ಬನ್ನಿ ಅಂತ ಅವರು ಹಿಂದೆಯೇ ಹೇಳಿದ್ದರು. ನನಗೆ ಮುಖ ಎತ್ತಲು ಆಗಲಿಲ್ಲ. ಗಂಡನಿಗೆ ಫೋನ್ ಮಾಡಿ ಕೇಳಿದೆ.

"ಬೇಕೂಂತ್ಲೇ ಇಟ್ಟಿದ್ದು ಕಣೇ" ಅಂದರು. "ಹಿಂದೆ ತೂಕ ಇದ್ರೆ ಗಾಡಿ ಹಾರಲ್ಲ."

"ಯಾರು ಹಾರ್ತಿದ್ದಾರೆ?"

"ಈಗ ಹಾರ್ತಿಲ್ಲ. ತೂಕ ಇದೆಯಲ್ಲ, ಅದಕ್ಕೆ."

ಮೂಟೆ ಇಳಿಸಿ ಗೋಡೆಗೆ ಒರಗಿಸಿದೆ. ಬಂದವರೆಲ್ಲ ಸರದಿ ಕಾಯುತ್ತ ಅದರ ಮೇಲೆ ಕೂತು ಕಾಫಿ ಕುಡಿದರು. ಆ ದಿನವೂ "ಇನ್ನೂ ಬೇಡ ಮೇಡಂ" ಆಯಿತು. ಜೊತೆಗೆ ತರಬೇತುದಾರರು ಇನ್ನೊಂದು ಮಾತು ಸೇರಿಸಿದರು. ಬಹಳ ಸಂಕೋಚದಿಂದಲೇ ಹೇಳಿದರು. "ಮುಂದಿನ ಸಲವೂ ಹೀಗೇ ಇದ್ದರೆ ಈ ಕಾರು ತರಬೇಡಿ. ನನಗೆ ಭಯ ಆಗುತ್ತೆ." ಬೇರೆ ಕಾರು ನಾನು ಎಲ್ಲಿಂದ ತರಲಿ? ಇರುವುದೇ ಒಂದು. ಅಂದರೆ ಮುಂದಿನ ಸಲವೇ ಕೊನೆಯ ಸಲ. ಬರುವಾಗ ದಾರಿಯುದ್ದಕ್ಕೂ ಅಳು ಬಂತು. ಅಳಲಿಕ್ಕೂ ಒಬ್ಬಳೇ ಇರಲಿಲ್ಲ, ಬನ್ನೂರಿಗೆ ಹೋಗಬೇಕಾದ ನಮ್ಮ ದೂರದ ನೆಂಟರೊಬ್ಬರು ನಂಜನಗೂಡಿನಲ್ಲಿ ಹತ್ತಿಕೊಂಡಿದ್ದರು. ಕಣ್ಣಿಗೆ ಧೂಳು ಬಿತ್ತು ಅಂದೆ.

ಆಮೇಲಿನ ತಿಂಗಳು ನಾನು ಯಾವುದನ್ನೂ ನಂಬದೆ ಹೊಸದಾಗಿ ಶುರು ಮಾಡಿದೆ. ಶನಿವಾರ ಸಂಜೆ ಗಾಳಿ ಸರಿ ಮಾಡಿದೆ. ಭಾನುವಾರ ಬೆಳಗ್ಗೆ ಕಾರು ಕದಲಿಸುವ ಮುಂಚೆ ಇನ್ನೊಂದು ಸಲ ಅಳೆಯೋಣ, ರಾತ್ರಿಯಲ್ಲೇ ಏನಾದರೂ ಬದಲಾಗುತ್ತದೆಯೋ ನೋಡೋಣ ಅಂತ ಬೇಗ ಎದ್ದೆ. ಹಿತ್ತಲ ಬಾಗಿಲು ತೆಗೆದಾಗ ಕೊಟ್ಟಿಗೆಯಿಂದ ಠಕ್ ಠಕ್ ಅಂತ ಸದ್ದು ಕೇಳಿತು. ಆಮೇಲೆ ಪುಸ್ ಪುಸ್ ಅಂತ ಇನ್ನೊಂದು ಸದ್ದು.

ಮಾವ ಹಿಂದಿನ ಚಕ್ರದ ಮುಂದೆ ಪಂಚೆ ಎತ್ತಿ ಕಟ್ಟಿಕೊಂಡು ನಿಂತಿದ್ದರು. ಒಂದು ಕಾಲು ಹಳೆಯ ಫುಟ್ ಪಂಪಿನ ಮೇಲೆ. ಕೈಯಲ್ಲಿ ಒಂದು ಮೊಳದ ದೊಣ್ಣೆ. ಪಂಪು ಒತ್ತುವುದು, ನಿಲ್ಲಿಸಿ ದೊಣ್ಣೆಯಲ್ಲಿ ಟೈರಿಗೆ ಬಡಿಯುವುದು, ಕಿವಿ ಕೊಟ್ಟು ಕೇಳುವುದು, ಮತ್ತೆ ಒತ್ತುವುದು. ನಮ್ಮ ಮಾವ ಬನ್ನೂರಿನ ಕಡೆಯಿಂದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಲಾರಿ ಓಡಿಸಿದವರು. ಲಾರಿಯವರು ಗೇಜ್ ಇಡುವುದಿಲ್ಲ. ದೊಣ್ಣೆಯಲ್ಲಿ ಬಡಿದು, ಗಟ್ಟಿ ಸದ್ದು ಬಂದರೆ ಹೊರಡುತ್ತಾರೆ, ಮೆತ್ತನೆ ಸದ್ದು ಬಂದರೆ ಗಾಳಿ ತುಂಬುತ್ತಾರೆ. ಅದು ಹತ್ತು ಟನ್ ಕಬ್ಬು ಹೊರುವ ಚಕ್ರ. ಇದು ನನ್ನ ಪುಟ್ಟ ಕಾರು.

"ಏನ್ ಮಾಡ್ತಾ ಇದ್ದೀರಿ ಮಾವ?"

ಅವರು ಬೆಚ್ಚಲೂ ಇಲ್ಲ, ಮುಚ್ಚಿಡಲೂ ಇಲ್ಲ. "ಗಾಳಿ ಇಳ್ದೋಗಿತ್ತು ಕಣವ್ವ. ನಾಕ್ ಪಂಪ್ ಆಕ್ತಾ ಇವ್ನಿ."

"ಪ್ರತಿ ಸಲವೂ ಹಾಕ್ತಿದ್ರಾ?"

"ಊಂ ಮತ್ತೆ. ನೀನು ಸಾಯಂಕಾಲ ಅಷ್ಟೊತ್ತು ಕುಂತ್ಕಂಡು ಅಳ್ತೆ ಮಾಡಿರ್ತೀಯ. ಬೆಳಿಗ್ಗೆ ನೋಡುದ್ರೆ ಮೆತ್ತಗಿರ್ತವೆ. ಪಂಚರ್ ಆಗ್ತಾ ಅದೆ ಅನ್ಕಂಡೆ."

"ನಾಲ್ಕೂ ಚಕ್ರ ಒಟ್ಟಿಗೆ ಪಂಚರ್ ಆಗುತ್ತಾ?"

"ಅದೇ ನಂಗೂ ಸೋಜಿಗ" ಅಂದರು. "ಓದ್ ಸಲ ಬಾಳಾ ಮೆತ್ತಗಿದ್ವು. ಅದ್ಕೇ ಜಾಸ್ತಿ ಆಕ್ದೆ. ನಿಂಗೆ ಏಳುದ್ರೆ ಎದ್ರುಕೊಂಡೀಯೆ ಅಂತ ಏಳ್ನಿಲ್ಲ."

ನನ್ನ ಮೈ ಉರಿದುಹೋಯಿತು. ತಿಂಗಳುಗಟ್ಟಲೆ ನಾನು ಸಂಜೆ ಇಳಿಸುವುದು, ಇವರು ಬೆಳಗ್ಗೆ ಏರಿಸುವುದು. ನಾನು ಹೆಚ್ಚು ಇಳಿಸಿದಷ್ಟೂ ಇವರು ಹೆದರಿ ಹೆಚ್ಚು ತುಂಬಿದ್ದಾರೆ. ಕಾಲಲ್ಲಿ ಒತ್ತುವ ಪಂಪಿಗೆ ಅಳತೆ ಎಲ್ಲಿಂದ ಬರಬೇಕು, ಕಾಲು ಸೋತ ಚಕ್ರಕ್ಕೆ ಕಡಿಮೆ, ಕಸುವಿದ್ದ ಚಕ್ರಕ್ಕೆ ಹೆಚ್ಚು. ಕಾರು ಒಂದು ಪಕ್ಕಕ್ಕೆ ಎಳೆಯದೆ ಇನ್ನೇನು ಮಾಡುತ್ತದೆ. ಮೂರು ಭಾನುವಾರ ನಾನು ತರಬೇತುದಾರರ ಮುಂದೆ ದಡ್ಡಿಯಾಗಿ ನಿಂತಿದ್ದೆ.

ಸದ್ದಿಗೆ ಎದ್ದು ಬಂದ ನನ್ನ ಗಂಡ ಬಾಗಿಲಲ್ಲಿ ನಿಂತಿದ್ದರು. ಅವರ ಮುಖ ನೋಡಿದ ಕೂಡಲೇ ಗೊತ್ತಾಯಿತು.

"ನಿಮಗೆ ಗೊತ್ತಿತ್ತು."

"ಅಪ್ಪಂಗೆ ಬೇಡ ಅಂದ್ರೆ ಬೇಜಾರಾಗುತ್ತೆ ಕಣೇ" ಅಂದರು.

"ನನಗೆ?"

ಅವರು ತಲೆ ಕೆರೆದುಕೊಂಡರು. "ನೀನು ಅಡ್ಜಸ್ಟ್ ಮಾಡ್ಕೋತೀಯ ಅಂತ."

ಆ ಮಾತಿಗೆ ಸಿಟ್ಟು ಇನ್ನೂ ಏರಬೇಕಿತ್ತು, ಅದರ ಬದಲು ದುಃಖ ಆಯಿತು. ಗೇಜ್ ತಂದು ಮುಂದಿನ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತೆ. ಮೂವತ್ತೈದು. ಪಿನ್ನು ಒತ್ತಿದೆ, ಸುಸ್ ಅಂತ ಗಾಳಿ ಹೋಯಿತು. ಮಾವ ದೊಣ್ಣೆ ಹಿಡಿದು ಹಿಂದೆಯೇ ನಿಂತಿದ್ದರು. ಪ್ರತಿ ಸಲ ಗಾಳಿ ಬಿಟ್ಟಾಗಲೂ ತಮಗೇ ಯಾರೋ ಚುಚ್ಚಿದ ಹಾಗೆ ಒಂದೊಂದು ಹೆಜ್ಜೆ ಮುಂದೆ ಬರುತ್ತಿದ್ದರು. ನಾನು ಅವರಿಗೆ ಪಾಠ ಮಾಡಲು ಹೋದೆ. ಬಿಸಿಯಾದರೆ ಹಿಗ್ಗುತ್ತದೆ, ಹಿಗ್ಗಿದರೆ ನಡು ಉಬ್ಬುತ್ತದೆ, ಉಬ್ಬಿದರೆ ಹಿಡಿತ ತಪ್ಪುತ್ತದೆ ಅಂತ ಎಂಟನೇ ತರಗತಿಯ ಮಕ್ಕಳಿಗೆ ಹೇಳುವಷ್ಟು ನಿಧಾನವಾಗಿ ಹೇಳಿದೆ. ಅವರು ಎಲ್ಲ ಕೇಳಿದರು.

"ನೀ ಏಳದು ಸರೀನೇ ಇರಬೌದು" ಅಂದರು. "ಆದ್ರೂ ಮೆತ್ತಗಿರೋ ಚಕ್ರದಲ್ಲಿ ನಿನ್ನ ಯಾರ್ದೋ ಜೊತೆ ಕಳ್ಸಕ್ಕೆ ನಂಗೆ ಮನ್ಸಿಲ್ಲ. ನಾನೂ ಬತ್ತೀನಿ."

ಮಾವ ಬರುತ್ತಾರೆ ಅಂದರೆ ಗಂಡನೂ ಬರಬೇಕು. ಗಂಡ ಬಂದರೆ ಅಂಗಡಿ ಮುಚ್ಚಬೇಕು. ಅಂಗಡಿ ಮುಚ್ಚಿದರು. ದಾರಿಯಲ್ಲಿ "ಹಂಪ್ ಅದೆ", "ಹಸ ಅದೆ", "ಶಿವಾ." ನಾನು ಹಲ್ಲು ಕಚ್ಚಿಕೊಂಡು ಓಡಿಸಿದೆ. ಮೂರು ಜನರ ತೂಕಕ್ಕೆ ಇಷ್ಟು ಕಡಿಮೆ ಗಾಳಿ ಒಳ್ಳೆಯದಲ್ಲ ಅಂತ ಗೊತ್ತಿದ್ದರಿಂದ ಎತ್ತಿನ ಗಾಡಿಯ ವೇಗದಲ್ಲಿ ಹೋದೆ. ಅದಕ್ಕೂ ನನ್ನ ಗಂಡ "ಈಗ ನೋಡು, ಎಷ್ಟು ಚೆನ್ನಾಗಿ ಓಡಿಸ್ತಿದ್ದೀಯ" ಅಂತ ಮೆಚ್ಚಿಕೊಂಡರು.

ಟ್ರ್ಯಾಕಿನಲ್ಲಿ ಗೇಜ್ ಇಟ್ಟೆ. ಮುಂದೆ ಎರಡೂ ಕಡೆ ಮೂವತ್ತು. ಎರಡೇ ಪಾಯಿಂಟ್ ಏರಿತ್ತು. ತರಬೇತುದಾರರಿಗೆ ನಡೆದದ್ದು ಹೇಳಿದೆ. ಅವರು ನಗಬಹುದು ಅಂದುಕೊಂಡಿದ್ದೆ, ನಗಲಿಲ್ಲ. ತಮ್ಮ ತಾಯಿ ಕೂಡ ತಮ್ಮ ಬೈಕಿನ ಚಕ್ರಕ್ಕೆ ಅರಿಶಿನದ ನೀರು ಹಾಕಿ ಬ್ರೇಕ್ ಡಿಸ್ಕಿನ ಮೇಲೆ ಕುಂಕುಮ ಇಡುತ್ತಾರೆ ಅಂದರು. ನಾನು ಚಾಕ್‌ಪೀಸ್ ತೆಗೆದು ನಾಲ್ಕೂ ಟೈರಿಗೆ ಗೆರೆ ಎಳೆದೆ. ಹೊರಟೆವು.

ಮೊದಲೆರಡು ಸುತ್ತು ಟೈರು ಕಾಯಲಿ ಅಂತ ನಿಧಾನವಾಗಿ ಹೋದೆ. ಮೂರನೇ ಸುತ್ತಿಗೆ ಆ ಉದ್ದನೆಯ ತಿರುವಿಗೆ ಬಂದಾಗ ಬ್ರೇಕ್ ಬಿಟ್ಟು ಸ್ಟೇರಿಂಗ್ ತಿರುಗಿಸಿದೆ. ಕಾರು ತಿರುಗಿತು. ಅಷ್ಟೇ, ತಿರುಗಿತು. ಕೈಗೆ ಮೊದಲು ಸ್ವಲ್ಪ ಭಾರ ಬಂತು, ಆಮೇಲೆ ಮೂಗು ಒಳಗೆ ಬಂತು, ಹಿಂಬದಿ ಒಂದು ಗೇಣು ಜರುಗಿ ಹಿಂದೆಯೇ ಬಂತು. ಕಬ್ಬು ತನ್ನ ಪಾಡಿಗೆ ಎಡಗಡೆ ಉಳಿಯಿತು. ನಾನು ಉಸಿರು ಬಿಟ್ಟೆ. ಒಳಗೆ ಬಂದು ನಿಲ್ಲಿಸಿದ ಮೇಲೆ ನಾನೂ ತರಬೇತುದಾರರೂ ಇಳಿದು ಬಗ್ಗಿ ನೋಡಿದೆವು. ಗೆರೆ ಸರಿಯಾಗಿ ಅಂಚಿನ ತನಕ ಅಳಿಸಿತ್ತು. ಎಡ ಮುಂದಿನ ಚಕ್ರದಲ್ಲಿ ಅರ್ಧ ಪಾಯಿಂಟ್ ಬಿಡಿಸಿ, ಅವರು ಕೈ ಒರೆಸಿಕೊಂಡರು.

"ಇನ್ನು ಒಬ್ಬರೇ ಹೋಗಿ ಮೇಡಂ. ಐದು ಸುತ್ತು. ಚೌಕಳಿ ಬಾವುಟ ತೋರಿಸಿದ ಕೂಡಲೇ ಒಳಗೆ ಬನ್ನಿ. ಅದೊಂದು ಮಾತ್ರ ತಪ್ಪಬೇಡಿ, ನಿಮ್ಮ ಹಿಂದೆ ಬೇರೆಯವರ ಸರದಿ ಇರುತ್ತೆ."

ನಾನು ಹೆಲ್ಮೆಟ್ ಹಾಕಿ, ಬೆಲ್ಟ್ ಬಿಗಿದು, ಗೇರ್ ಹಾಕುವಷ್ಟರಲ್ಲಿ ಎಡಗಡೆಯ ಬಾಗಿಲು ತೆರೆಯಿತು. ನನ್ನ ಗಂಡ ಒಳಗೆ ಬಂದು ಕೂತು ಬೆಲ್ಟ್ ಎಳೆದುಕೊಂಡರು. ಯಾರದೋ ಹೆಲ್ಮೆಟ್ ಕೂಡ ಸಂಪಾದಿಸಿದ್ದರು, ಅದು ಅವರ ಕಿವಿಯ ಮೇಲೇ ಕೂತಿತ್ತು.

"ಏನು ಇದು?"

"ಅವ್ರು ಇಳಿದ್ರಲ್ಲ" ಅಂದರು. "ಒಬ್ಳೇ ಹೆಂಗೆ ಹೋಗ್ತೀಯ?"

ನನಗೆ ಅವರನ್ನು ಕಂಡರೆ ಪ್ರೀತಿ ಇಲ್ಲ ಅಂತಲ್ಲ. ನಾನು ಜ್ವರ ಬಂದು ಮಲಗಿದರೆ ರಾತ್ರಿಯಿಡೀ ಎದ್ದಿರುವ ಮನುಷ್ಯ. ಆದರೆ ಆ ಗಳಿಗೆಯಲ್ಲಿ ಅವರನ್ನು ಎತ್ತಿ ಕಬ್ಬಿನ ಗದ್ದೆಗೆ ಎಸೆಯಬೇಕು ಅನ್ನಿಸಿತು. ಕಿಟಕಿಯ ಹೊರಗೆ ನಿಂತಿದ್ದ ಮಾವ ಬಗ್ಗಿ ನೋಡಿದರು.

"ಇಳಿಯೋ ಲೇ" ಅಂದರು ಮಗನಿಗೆ. "ಅವ್ಳು ಓಗ್ಲಿ ಬುಡು."

ಗಂಡ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು. ಇಳಿದರು. ಬಾಗಿಲು ಮುಚ್ಚಿತು.

ನಾನು ಹೊರಟೆ. ಎಡಗಡೆ ತೂಕ ಇಲ್ಲದ ಕಾರು ಬೇರೆಯೇ ಕಾರು. ಸ್ಟೇರಿಂಗ್ ಹಗುರ, ತಿರುವಿಗೆ ಹೋಗುವ ಮುಂಚೆಯೇ ಮೂಗು ತಿರುಗಲು ತಯಾರು. ಯಾರೋ ಇಷ್ಟು ದಿನ ಹಿಡಿದುಕೊಂಡಿದ್ದ ಕೈ ಬಿಟ್ಟ ಹಾಗೆ ಇತ್ತು. ಆದರೆ ಮೊದಲ ಸುತ್ತಿನಲ್ಲೇ ಕಾರಿನೊಳಗೆ ಮಾತು ಕೇಳಿಸಿತು. "ನಿಧಾನ, ನಿಧಾನ. ಬ್ರೇಕು. ಬ್ರೇಕು. ಮುಂದೆ ತಿರುವು ಅದೆ." ಅದು ನನ್ನದೇ ದನಿ. ಒಬ್ಬಳೇ ಕೂತು ಜೋರಾಗಿ, ನನ್ನ ಗಂಡ ಹೇಳುವ ಧಾಟಿಯಲ್ಲೇ ನನಗೇ ಹೇಳಿಕೊಳ್ಳುತ್ತಿದ್ದೆ. ತಿರುವು ಬಂದಾಗ "ಶಿವಾ" ಕೂಡ ಅಂದೆ. ಇಷ್ಟೆಲ್ಲ ಗುದ್ದಾಡಿ ಇವರನ್ನು ಹೊರಗೆ ಇಳಿಸಿದರೆ ಎಲ್ಲರೂ ನನ್ನ ಬಾಯಲ್ಲೇ ಹತ್ತಿ ಕೂತಿದ್ದಾರೆ. ಎಂಥ ಕರ್ಮ. "ಬಾಯಿ ಮುಚ್ಚು" ಅಂತ ನನಗೆ ನಾನೇ ಗದರಿಕೊಂಡೆ.

ಮುಂದಿನ ಸುತ್ತುಗಳಲ್ಲಿ ತುಟಿ ಬಿಗಿದುಕೊಂಡು ಓಡಿಸಿದೆ. ಬಹಳ ಕಷ್ಟವಾಯಿತು. ಒಂದೆರಡು ಕಡೆ ಮಾತು ಗಂಟಲ ತನಕ ಬಂದು ಹಿಂದೆ ಹೋಯಿತು. ಐದನೇ ಸುತ್ತಿನಲ್ಲಿ, ಎಲ್ಲಿ ಅಂತ ಗೊತ್ತಿಲ್ಲ, ಅದು ನಿಂತಿತು. ಕಾರಿನೊಳಗೆ ಇಂಜಿನ್ನಿನ ಸದ್ದು, ರಬ್ಬರು ಡಾಂಬರಿಗೆ ಉಜ್ಜುವ ಸದ್ದು, ಇನ್ನೇನೂ ಇಲ್ಲ. ಯಾರೂ ಏನೂ ಹೇಳುತ್ತಿಲ್ಲ, ನಾನೂ ಹೇಳುತ್ತಿಲ್ಲ. ಅಷ್ಟು ಸುಖ ನನಗೆ ಯಾವುದರಲ್ಲೂ ಆದ ನೆನಪಿಲ್ಲ. ಉದ್ದನೆಯ ತಿರುವು ಮುಗಿಸಿ ನೇರ ದಾರಿಗೆ ಬಂದಾಗ ಗೋಡೆಯ ಹತ್ತಿರ ಚೌಕಳಿ ಬಾವುಟ ಅಲ್ಲಾಡುತ್ತಿತ್ತು. ಅದನ್ನು ಹಿಡಿದಿದ್ದವರು ತರಬೇತುದಾರರೇ. ಅವರ ಹಿಂದೆ ಗಂಡ, ಮಾವ, ಇಬ್ಬರೂ ಕೈ ಬೀಸಿ ಒಳಗೆ ಬಾ ಅಂತ ಕರೆಯುತ್ತಿದ್ದರು.

ನಾನು ಒಳಗೆ ಹೋಗಲಿಲ್ಲ. ಇನ್ನೊಂದು ಸುತ್ತು ಹೊಡೆದೆ.

ಆ ಸುತ್ತು ಹೇಗಿತ್ತು ಅಂತ ನಾನು ಯಾರಿಗೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ. ಬಂದು ನಿಲ್ಲಿಸಿದಾಗ ತರಬೇತುದಾರರು ಕಿಟಕಿಯ ಹತ್ತಿರ ಬಂದರು. ಅವತ್ತೂ ದನಿ ಏರಿಸಲಿಲ್ಲ.

"ಬಾವುಟ ಕಾಣಿಸಲಿಲ್ವಾ ಮೇಡಂ?"

ಅವರು ನನಗೆ ದಾರಿ ಮಾಡಿಕೊಡುತ್ತಿದ್ದರು. ಕಾಣಿಸಲಿಲ್ಲ ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಮುಂದಿನ ತಿಂಗಳೂ ಒಬ್ಬಳೇ ಹೋಗಬಹುದಿತ್ತು. ನಾನು ಬಾಯಿ ತೆರೆಯುವ ಮುಂಚೆಯೇ ನನ್ನ ಗಂಡ ಓಡಿ ಬಂದು ನಡುವೆ ನಿಂತರು.

"ಬಿಸಿಲು ಸಾರ್, ಕಣ್ಣಿಗೆ ಎದುರು ಹೊಡೀತಾ ಇತ್ತು. ಅವಳಿಗೆ ಕಂಡಿರಲ್ಲ."

ನಾನು ಹೆಲ್ಮೆಟ್ ತೆಗೆದೆ.

"ಕಾಣಿಸ್ತು ಸಾರ್" ಅಂದೆ. "ನೀವು ಬೀಸಿದ್ದೂ ಕಾಣಿಸ್ತು, ಇವರು ಕರೆದಿದ್ದೂ ಕಾಣಿಸ್ತು. ಇನ್ನೊಂದು ಸುತ್ತು ಬೇಕು ಅನ್ನಿಸ್ತು, ಹೋದೆ."

ತರಬೇತುದಾರರು ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. "ಹಾಗಾದ್ರೆ ಮುಂದಿನ ತಿಂಗಳು ನಾನು ಮತ್ತೆ ಪಕ್ಕದಲ್ಲಿ ಕೂರ್ತೀನಿ" ಅಂದರು.

"ಕೂತ್ಕೊಳಿ ಸಾರ್" ಅಂದೆ.